ಒಂದೇ ಮನೆಯ ಏಳು ಗಡಿಯಾರ

ಮೂವತ್ತು ವರ್ಷದಿಂದ ಜನರ ಆದಾಯ ತೆರಿಗೆಯ ಲೆಕ್ಕ ಬರೆದು ಹೊಟ್ಟೆ ಹೊರೆಯುತ್ತಿರುವವನು ನಾನು. ಸುಳ್ಳು ಹೇಳುವ ಕಕ್ಷಿದಾರರು ನನಗೆ ಹೊಸಬರಲ್ಲ, ಅವರನ್ನು ಹೇಗೋ ಸಂಭಾಳಿಸುತ್ತೇನೆ. ಬಾಯೇ ಬಿಡದವರನ್ನು ಏನು ಮಾಡುವುದು? ಅಂಥವರೊಬ್ಬರು ನನ್ನ ಪಾಲಿಗೆ ಬಂದರು, ಕೃಷ್ಣಮೂರ್ತಿಪುರಂನ ವೃಷಭೇಂದ್ರಪ್ಪ. ಇವತ್ತಿಗೂ ಅವರ ನೆನಪಾದರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಮರುಕ ಹುಟ್ಟುತ್ತದೆ.

ತೊಂಬತ್ತರ ದಶಕದಲ್ಲಿ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಬೆಳಗಾದರೆ ಬೀದಿ ತುಂಬ ಟಕಟಕ ಸದ್ದು. ಹಿಂದಿನ ಎರಡು ಕೋಣೆಯಲ್ಲಿ ಗಂಡ ಹೆಂಡತಿಯ ಸಂಸಾರ. ಮಕ್ಕಳಿರಲಿಲ್ಲ. ಮನೆಯೂ ಬಾಡಿಗೆಯದು, ಅಂಗಡಿಯೂ ಬಾಡಿಗೆಯದು. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದರಲ್ಲಿ ಇಲವಾಲದ ಹತ್ತಿರ ಒಂದು ಸೈಟು ಕೊಂಡು ಹೆಂಡತಿ ನೀಲಮ್ಮನ ಹೆಸರಿಗೆ ಮಾಡಿಸಿದ್ದರು. ಭಾನುವಾರ ಬಂತೆಂದರೆ ನೀಲಮ್ಮ ಹುಣಸೂರಿನ ಬಸ್ಸು ಹತ್ತಿ ಹೋಗಿ, ಅಲ್ಲಿ ನೆಟ್ಟಿದ್ದ ನುಗ್ಗೆ ಗಿಡಕ್ಕೆ ನೀರು ಹಾಕಿ ಬರುತ್ತಿದ್ದರು. ಅಡುಗೆಮನೆ ಎಲ್ಲಿ, ದೇವರಮನೆ ಎಲ್ಲಿ ಅಂತ ನೆಲದ ಮೇಲೆ ಕಲ್ಲಿಟ್ಟು ಗುರುತು ಮಾಡಿದ್ದರಂತೆ.

ಕಂಪ್ಯೂಟರ್ ಬಂದು ಟೈಪಿಂಗನ್ನು ನುಂಗಿತು. ವೃಷಭೇಂದ್ರಪ್ಪ ಎದೆಗುಂದಲಿಲ್ಲ. ಎರಡು ಹಳೆಯ ಕಂಪ್ಯೂಟರ್ ತಂದು ಬಾಗಿಲಿಗೆ ಸೈಬರ್ ಸೆಂಟರ್ ಎಂಬ ಬೋರ್ಡು ಹಾಕಿದರು. ಸಾಲದ್ದಕ್ಕೆ, ಹುಡುಗನಾಗಿದ್ದಾಗಿನಿಂದ ಕೂಡಿಟ್ಟಿದ್ದ ಶಾಯಿ ಪೆನ್ನುಗಳನ್ನು ಇಂಟರ್ನೆಟ್ಟಿನ ಹರಾಜಿಗೆ ಹಾಕಿ ಮಾರಿದರು. ಪುಣೆಯವರೊಬ್ಬರು ಕೊಂಡರು. ಕೂತಲ್ಲಿಂದಲೇ ಪುಣೆಗೆ ಪೆನ್ನು ಮಾರಿದ ಸುದ್ದಿ ಬೀದಿಯಲ್ಲೆಲ್ಲ ಹರಡಿತು.

ನಮ್ಮ ಮೈಸೂರಿನವರ ಜಾಯಮಾನ ನಿಮಗೆ ಗೊತ್ತಿರಬೇಕು. ಮನೆಯ ಹಳೇ ಸಾಮಾನು ಮಾರುವುದೆಂದರೆ ನಮಗೆ ಮಾನ ಹೋದ ಹಾಗೆ. ಕಷ್ಟವಿದ್ದರೂ ಗಿರವಿ ಅಂಗಡಿಯ ಮುಂದೆ ನಿಲ್ಲುವುದಿಲ್ಲ, ನಿಂತರೆ ಯಾರಾದರೂ ನೋಡಿಯಾರು. ಈಗ ಯಾರೂ ನೋಡದ ಅಂಗಡಿಯೊಂದು ಸಿಕ್ಕಿತು. ಸೆರಗಿನ ಮರೆಯಲ್ಲಿ, ತರಕಾರಿ ಚೀಲದ ತಳದಲ್ಲಿ ಸಾಮಾನು ಬರತೊಡಗಿದವು. ಗೋಡೆ ಗಡಿಯಾರ, ಬೆಳ್ಳಿ ತಟ್ಟೆ, ಹಿತ್ತಾಳೆಯ ದೀಪದ ಕಂಬ, ಗ್ರಾಮಫೋನು. ಎಲ್ಲರದ್ದೂ ಒಂದೇ ಮಾತು: "ನಿಮ್ಮ ಹೆಸರಲ್ಲೇ ಮಾರ್ಬುಡಿ ಸಾರ್. ನಮ್ದು ಅಂತ ಯಾರ್ಗೂ ಗೊತ್ತಾಗೋದು ಬ್ಯಾಡ."

ಈ ಮಹಾನುಭಾವರು ಒಪ್ಪಿಕೊಂಡರು. ಅಂಚೆಯ ಖರ್ಚು ಬಿಟ್ಟು ಬಿಡಿಗಾಸು ಮುಟ್ಟಲಿಲ್ಲ. ಹಣ ತಮ್ಮ ಖಾತೆಗೆ ಬಂದ ಕೂಡಲೇ ಬಿಡಿಸಿ, ಯಾರದೋ ಅವರ ಕೈಗೆ ಹಾಗೇ ಕೊಟ್ಟರು. ರಸೀದಿ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಗುಟ್ಟಾಗಿ ಬಂದವರ ಮುಂದೆ ಕಾಗದ ಚಾಚಿ ಸಹಿ ಹಾಕಿ ಎಂದರೆ ಅವರ ಮುಖಕ್ಕೆ ಹೊಡೆದ ಹಾಗಲ್ಲವೇ? ಇದು ಅವರ ವಾದ. ನಾಲ್ಕು ವರ್ಷ ಹೀಗೆ ನಡೆಯಿತು.

೨೦೦೮ರ ಆಷಾಢದಲ್ಲಿ ಆದಾಯ ತೆರಿಗೆಯವರ ನೋಟಿಸು ಬಂತು. ಟೈಪಿಂಗ್ ಮೇಷ್ಟರ ಖಾತೆಯಲ್ಲಿ ಇಷ್ಟೊಂದು ಹಣ ಬಂದು ಹೋದದ್ದು ಇಲಾಖೆಯ ಕಣ್ಣಿಗೆ ಬಿದ್ದಿತ್ತು. ವೃಷಭೇಂದ್ರಪ್ಪ ಅದನ್ನು ಹಿಡಿದು ನನ್ನಲ್ಲಿಗೆ ಬಂದರು.

"ನೋಡಿ," ಅಂದೆ. "ಮನೆಯಲ್ಲಿ ಬಳಸುವ ಸ್ವಂತ ಸಾಮಾನು ಮಾರಿದರೆ ಲಾಭಕ್ಕೆ ತೆರಿಗೆಯಿಲ್ಲ. ಊಟದ ಬೆಳ್ಳಿ ತಟ್ಟೆಗೂ ಇಲ್ಲ, ಗಡಿಯಾರಕ್ಕೂ ಇಲ್ಲ. ಮೈಮೇಲೆ ಹಾಕಿಕೊಳ್ಳುವ ಒಡವೆ ಮಾತ್ರ ಬೇರೆ. ಚಿತ್ರಪಟಗಳಿಗೂ ಹೋದ ವರ್ಷದಿಂದ ತೆರಿಗೆ ತಂದಿದ್ದಾರೆ. ಆದರೆ ತಿಂಗಳು ತಿಂಗಳೂ ಮಾರುತ್ತಿದ್ದರೆ ಅದು ಸ್ವಂತ ಸಾಮಾನಲ್ಲ, ವ್ಯಾಪಾರ. ಕೊಂಡ ಬೆಲೆಗೆ ಚೀಟಿ ಇಲ್ಲದಿದ್ದರೆ ಬಂದದ್ದೆಲ್ಲ ಲಾಭ ಅಂತಲೇ ಹಿಡಿಯುತ್ತಾರೆ. ಯಾರದ್ದು ಅಂತ ಹೇಳಿ. ನಾಲ್ಕು ಜನ ಬಂದು, ಇದು ನಮ್ಮದು, ಹಣ ನಮಗೇ ಸೇರಿತು ಅಂತ ಬರೆದುಕೊಟ್ಟರೆ ನಿಮ್ಮ ತಲೆ ಉಳಿಯುತ್ತೆ. ಅವರಿಗೂ ಹೆಚ್ಚು ಕಡಿಮೆ ತೆರಿಗೆ ಬೀಳಲ್ಲ."

"ಅದು ಗೊತ್ತು ಕಣ್ರೀ. ತೆರಿಗೆ ಬೀಳಲ್ಲ, ಮಾರಿದ್ದು ಗೊತ್ತಾಗುತ್ತೆ. ಮಾತು ಕೊಟ್ಬುಟ್ಟಿದ್ದೀನಿ."

"ಇಲ್ಲದಿದ್ದರೆ ಸೈಟು ಹೋಗುತ್ತೆ ವೃಷಭೇಂದ್ರಪ್ಪನವರೇ!"

ಅವರು ಮೇಜಿನ ಮೇಲಿದ್ದ ನನ್ನ ಪೆನ್ನನ್ನು ಎತ್ತಿ ಅದರ ನಿಬ್ಬು ನೋಡುತ್ತಾ ಕೂತರು. ನನಗೆ ಮೈಯೆಲ್ಲ ಉರಿದುಹೋಯಿತು.

ವಿಚಾರಣೆಯ ದಿನ ಜೊತೆಗೆ ಹೋದೆ. ಅಧಿಕಾರಿ ಸಣ್ಣ ವಯಸ್ಸಿನ ಹೆಣ್ಣುಮಗಳು, ಮಾತು ಮೆತ್ತಗೆ. ಮಾರಾಟದ ವಿವರವನ್ನೆಲ್ಲ ಓದಿ ತಲೆ ಎತ್ತಿದರು.

"ಎರಡು ರೂಮಿನ ಮನೆ ಅಂತೀರಿ. ಅದರಲ್ಲಿ ಏಳು ಗೋಡೆ ಗಡಿಯಾರ ಇತ್ತಾ ಸಾರ್?"

"ಏಳೂ ನಮ್ಮನೆಯಿಂದ್ಲೇ ಹೋಗಿದ್ದು ಮೇಡಂ."

"ನಿಮ್ಮದೇನಾ?"

ಇವರು ಗೋಡೆ ನೋಡಿದರು. ಸುಳ್ಳು ಹೇಳಲೂ ಬಾರದು, ನಿಜ ಹೇಳಲೂ ಒಲ್ಲರು. ಆಕೆ ಪಾಪ, ಯೋಚಿಸಿ ಬನ್ನಿ ಎಂದು ಎರಡು ವಾರ ವಾಯಿದೆ ಕೊಟ್ಟರು. ಅಷ್ಟು ಮಾಡುವವರೂ ಕಡಿಮೆ.

ಆ ಎರಡು ವಾರದಲ್ಲಿ ನೀಲಮ್ಮ ಒಂದು ಕೆಲಸ ಮಾಡಿದರು. ಬಂದ ಸಾಮಾನಿನಲ್ಲಿ ಒಂದನ್ನು ಮಾತ್ರ, ಮಾರಾಟವಾಗುವ ತನಕ, ಅವರು ತಾವೇ ದೇವರಮನೆಯಲ್ಲಿ ಇಟ್ಟುಕೊಂಡು ಕಾದಿದ್ದರು. ಅದು ಬೆಳ್ಳಿಯ ಕರಡಿಗೆ, ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಭರಣಿ. ತಂದುಕೊಟ್ಟವನು ಅದೇ ಬೀದಿಯ ವಿಶ್ವನಾಥ್. ಅವನ ತಂದೆ ಲಿಂಗೈಕ್ಯರಾದಾಗ ಲಿಂಗ ಅವರ ಜೊತೆಯಲ್ಲೇ ಸಮಾಧಿಗೆ ಹೋಯಿತು. ಕರಡಿಗೆಯನ್ನು ಮಾತ್ರ ಮೊಮ್ಮಗನ ದೀಕ್ಷೆಗೆಂದು ತೆಗೆದಿಟ್ಟಿದ್ದರು. ಸಂತೆಪೇಟೆಯ ತನ್ನ ಅಂಗಡಿ ಮುಳುಗುತ್ತಿದ್ದಾಗ ಮಗರಾಯ ಅದನ್ನೂ ಮಾರಿಸಿದ್ದ. ನಮ್ಮ ಪೈಕಿಯವನೇ, ನಮ್ಮ ಬೀದಿಯವನೇ, ಕಷ್ಟ ಹೇಳಿಕೊಂಡರೆ ಬರೆದುಕೊಟ್ಟಾನು ಅಂತ ನೀಲಮ್ಮ ಅವನ ಮನೆಗೆ ಹೋದರು. ಗಂಡನಿಗೆ ತಿಳಿಸಲಿಲ್ಲ.

ಹೋದ ಹೊತ್ತು ಸರಿಯಿರಲಿಲ್ಲ. ಅವನ ಮಗ ಶಿವಕಿರಣನ ದೀಕ್ಷೆಗೆ ಮೂರು ದಿನವಿತ್ತು, ಮನೆ ತುಂಬ ನೆಂಟರು. ನೀಲಮ್ಮ ವಿಶ್ವನಾಥನನ್ನು ಪಕ್ಕಕ್ಕೆ ಕರೆದರು. ಅವನು ಬರಲಿಲ್ಲ. ವಿಧಿಯಿಲ್ಲದೆ ಅಲ್ಲೇ ಮೆಲ್ಲಗೆ ವಿಷಯ ತೆಗೆದರು.

"ಯಾವ ಕರಡಿಗೆ ನೀಲಮ್ನೋರೆ?" ಅಂತ ಅವನು ಎಲ್ಲರಿಗೂ ಕೇಳುವ ಹಾಗೆ ಅಂದನಂತೆ. "ನಮ್ಮಪ್ಪಂದು ದೇವ್ರಮನೇಲೇ ಅದೆ. ಮಗೀಗೆ ಅದನ್ನೇ ಕಟ್ಟೋದು." ಅವನ ತಾಯಿ ತಟ್ಟೆಯಲ್ಲಿ ಅದೇ ಥರದ ಹೊಸ ಕರಡಿಗೆ ತಂದು ತೋರಿಸಿದರು. ಅದು ಬದಲಾದದ್ದು ಆ ಮುದುಕಿಗೆ ಗೊತ್ತಿರಲಿಲ್ಲ. ನೆಂಟರು ನೀಲಮ್ಮನ ಮುಖ ನೋಡಿದರು.

ನೀಲಮ್ಮ ನೇರ ನನ್ನ ಆಫೀಸಿಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. "ನಾನು ಸುಳ್ಳು ಹೇಳ್ದೆ ಅನ್ನೋ ಥರ ನೋಡಿದ್ರು ಕಣಣ್ಣ," ಅಂದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕತೆ ಬರೆಯುತ್ತಿರಲಿಲ್ಲ. ಸಂಜೆಯೊಳಗೆ ಸುದ್ದಿ ವೃಷಭೇಂದ್ರಪ್ಪನ ಕಿವಿಗೆ ಬಿತ್ತು. ಅವರು ಮಡಿ ಪಂಚೆ ಉಟ್ಟು, ವಿಭೂತಿ ಇಟ್ಟುಕೊಂಡು, ವಿಶ್ವನಾಥನ ಮನೆಗೆ ಹೋದರು. ನೆಂಟರೆಲ್ಲರ ಎದುರಿಗೆ ಆ ತಾಯಿಗೆ ಕೈ ಮುಗಿದು ಹೇಳಿದರು: "ತಪ್ಪು ತಿಳ್ಕೋಬೇಡಿ ಅಮ್ಮ. ನಮ್ಮವಳಿಗೆ ಈಚೆಗೆ ಮರೆವು ಜಾಸ್ತಿ. ಯಾರದೋ ಸಾಮಾನನ್ನ ನಿಮ್ದು ಅಂದ್ಕೊಂಡು ಬಂದ್ಬುಟ್ಟವಳೆ. ನಿಮ್ಮನೇದು ಏನೂ ನನ್ ಕೈಗೆ ಬಂದಿಲ್ಲ."

ಕೊಟ್ಟ ಮಾತು ಉಳಿಯಿತು. ವಿಶ್ವನಾಥ್ ತಲೆ ಬಗ್ಗಿಸಿ ನಿಂತಿದ್ದನಂತೆ, ಬಗ್ಗಿಸಿದ್ದು ಬಗ್ಗಿಸಿದ ಹಾಗೇ ಇತ್ತು. ಮಾರನೆಯ ದಿನದಿಂದ ನೀಲಮ್ಮನಿಗೆ ತಲೆ ನೆಟ್ಟಗಿಲ್ಲವಂತೆ ಎಂದು ನಲ್ಲಿಯ ಹತ್ತಿರ ಮಾತಾಯಿತು. ಅಂಗಡಿಯವನು ಚಿಲ್ಲರೆ ಕೊಡುವಾಗ ಎರಡೆರಡು ಸಲ ಎಣಿಸಿ ಹೇಳತೊಡಗಿದ. ಪಾಪ ಎನ್ನುವವರಲ್ಲಿ, ಅವರ ಮನೆಯಲ್ಲಿ ಸಾಮಾನು ಬಿಟ್ಟುಹೋಗಿದ್ದ ಹೆಂಗಸರೂ ಇದ್ದೇ ಇರಬೇಕು. ನನಗೆ ಅವರೆಲ್ಲರ ಹೆಸರು ಗೊತ್ತಿದ್ದಿದ್ದರೆ ಬೀದಿಯಲ್ಲಿ ನಿಂತು ಕೂಗುತ್ತಿದ್ದೆ. ಗೊತ್ತಿರಲಿಲ್ಲ.

ನಾನು ವೃಷಭೇಂದ್ರಪ್ಪನ ಮೇಲೆ ಹರಿಹಾಯ್ದೆ. "ಊರವರ ಮಾನ ಕಾಯೋಕೆ ಹೆಂಡತಿ ಮಾನ ತೆಗೆದ್ರಲ್ರೀ!"

"ಅವಳು ನನ್ನವಳು ಕಣ್ರೀ," ಅಂದರು. "ತಡ್ಕೋತಾಳೆ."

ಆದೇಶ ಬಂತು. ನಾನು ಹೇಳಿದ ಹಾಗೇ ಎಲ್ಲವೂ ವ್ಯಾಪಾರವೆಂದಾಯಿತು. ತೆರಿಗೆ, ಬಡ್ಡಿ, ಮೇಲೆ ದಂಡ. ಮೇಲ್ಮನವಿಗೆ ಅವಕಾಶವಿತ್ತು, ಆದರೆ ಹೆಸರುಗಳಿಲ್ಲದೆ ಮೇಲ್ಮನವಿಯಲ್ಲಿ ಬರೆಯುವುದೇನು? ಸೈಟು ಮಾರುವುದೊಂದೇ ದಾರಿ. ಸಿದ್ಧಾರ್ಥನಗರದವರೊಬ್ಬರು ಕೊಳ್ಳಲು ಮುಂದೆ ಬಂದರು.

ನೋಂದಣಿ ಕಚೇರಿಗೆ ಸಾಕ್ಷಿಯಾಗಿ ನಾನೂ ಹೋಗಿದ್ದೆ. ನೀಲಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ಸರದಿ ಬಂದಾಗ ನೋಂದಣಿ ಅಧಿಕಾರಿ ಎಲ್ಲರನ್ನೂ ಕೇಳುವ ಹಾಗೆ ಕೇಳಿದ.

"ಸೈಟು ನಿಮ್ದೇನಾಮ್ಮ? ಒಪ್ಪಿಕೊಂಡೇ ಮಾರ್ತಾ ಇದ್ದೀರಾ?"

ನೀಲಮ್ಮ ಗಂಡನ ಕಡೆ ತಿರುಗಿದರು.

"ನನ್ನನ್ನ ಕೇಳ್ಬೇಡಿ ಸಾರ್," ಅಂದರು. "ಯಾವುದು ಯಾರ್ದು ಅಂತ ನಂಗೆ ಮರೆವಂತೆ. ಅವರನ್ನೇ ಕೇಳಿ."

ಅಧಿಕಾರಿ ತಮಾಷೆ ಎಂದುಕೊಂಡು ನಕ್ಕ. ವೃಷಭೇಂದ್ರಪ್ಪ ಬಾಯಿ ತೆರೆದರು. ಅಷ್ಟು ವರ್ಷ ಬಾಯಿ ಮುಚ್ಚಿಕೊಂಡೇ ಇದ್ದವರು ಅವತ್ತು ಸೈಟು ಅವಳದ್ದು ಎಂಬ ಒಂದು ಮಾತು ಹೇಳಲಾರದೆ ಎಲ್ಲರೆದುರು ಅತ್ತುಬಿಟ್ಟರು. ನೀಲಮ್ಮ ನೋಡಲಿಲ್ಲ. ಎಲ್ಲಿ ಸಹಿ ಹಾಕಬೇಕು ಎಂದು ಅಧಿಕಾರಿಯನ್ನು ಕೇಳಿ, ಅವನು ತೋರಿಸಿದಲ್ಲೆಲ್ಲ ಹಾಕಿದರು.