ದುರ್ಯೋಧನನಿಗೊಂದು ಪುಟ್ಟ ಪ್ರೋಗ್ರಾಂ

ಬರ್ರಿ ಮಹಾಜನರೇ, ಕೂತು ಕೇಳಿರಿ! ಭಾನುವಾರ ದೇವದುರ್ಗದಲ್ಲಿ ನಮ್ಮ ನಾಟಕ. ಒಬ್ಬೊಬ್ಬರ ಮಾತನ್ನೂ ಬೇರೆ ಬೇರೆ ಹಾಳೆಗೆ ಬರೆದುಕೊಡುವ ಮಾಸ್ತರರಿಗೆ ಜ್ವರ. ರಾಯಚೂರಿನಲ್ಲಿ ಕಂಪ್ಯೂಟರ್ ಕಲಿಯುತ್ತಿರುವ ನನ್ನ ತಂಗಿಯ ಮಗಳು, ಮಾನ್ವಿಯ ಸುಜಾತಾ, ಆ ಕೆಲಸಕ್ಕೆಂದೇ ಟೈಪಿಂಗ್ ಸಾಫ್ಟ್‌ವೇರ್‌ಗೆ ತನ್ನ ಮೊದಲ ಪುಟ್ಟ ಪ್ರೋಗ್ರಾಂ ಬರೆದು ಜೋಡಿಸಿದಳು. ಇಂದು ಗುಂಡಿ ಒತ್ತಿದೊಡನೆ ದುರ್ಯೋಧನನಾದ ನನ್ನ ಮಾತಷ್ಟೇ ಅಚ್ಚಾಗಿ ಬಂತು.

“ಯವ್ವಾ, ಭೀಮ ಬೈಯೋದು ಮುಗಿಸಿದ್ದು ನನಗ ಹೆಂಗ ಗೊತ್ತಾಗಬೇಕು?” ಎಂದು ಗರ್ಜಿಸಿದೆ.

“ಒದರಬ್ಯಾಡ್ರಿ ಮಾವಾ, ಮಷೀನು ಹೆದರ್ತದ!” ಎಂದು ನಗುತ್ತಾ ಪ್ರೋಗ್ರಾಂ ತಿದ್ದಿದಳು. ಈಗ ನನ್ನ ಪ್ರತಿ ಮಾತಿಗೂ ಮುಂಚೆ ಭೀಮನ ಕೊನೆಯ ನಾಲ್ಕು ಶಬ್ದ! ಎದ್ದು ನಿಂತು ಕೈಮುಗಿದೆ.

ನಾಳೆ ಬೆಳಿಗ್ಗೆ ದೇವದುರ್ಗದ ಬಸ್ಸಿನಲ್ಲೇ ಬಾಯಿಪಾಠ ಮಾಡುತ್ತೇನೆ. ಪಕ್ಕದ ಸೀಟಿಗೆ ಬಂದವರೇ ನನ್ನ ಭೀಮ.