ಸೋಮವಾರ ನೊಗ ಹೊತ್ತವರು

ಗಂಡ ಹೆಂಡತಿ ಇಬ್ಬರೂ ನೊಗಕ್ಕೆ ಎದೆಯೊಡ್ಡಿ ಚಕ್ಕಡಿ ಎಳೆಯುತ್ತಿದ್ದರು. ಅವರ ಎರಡು ಎತ್ತುಗಳು ಹಿಂದೆ ಆರಾಮಾಗಿ ನಡೆದು ಬರುತ್ತ, ಚಕ್ಕಡಿಯಲ್ಲಿ ಹೇರಿದ ಜೋಳದ ಮೇವಿಗೇ ಬಾಯಿ ಹಾಕುತ್ತಿದ್ದವು. ತಾವರಗೇರಾದಿಂದ ಕುಷ್ಟಗಿಗೆ ಹೊರಟಿದ್ದ ನಾನು ಬೈಕ್ ನಿಲ್ಲಿಸಿಬಿಟ್ಟೆ.

“ಕಾಕಾ, ಇಂಥಾ ಎತ್ತು ಇಟ್ಕೊಂಡು ನೀವ್ಯಾಕ ಎಳ್ಯಾಕತ್ತೀರಿ?”

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಎನಿಸಿರಬೇಕು. “ಇವತ್ತ ಸೋಮವಾರ ಅಲ್ಲೇನು ತಮ್ಮಾ? ಬಸವಣ್ಣಗ ಸೂಟಿ. ಮಳಿಗೆ ಎಲ್ಲೈತಿ ಸೂಟಿ? ಮೇವು ತೊಯ್ದ್ರ ನಾಳಿ ಇವು ಏನ್ ತಿನ್ನಬೇಕು?”

ಮೋಡ ಆಗಲೇ ನೆತ್ತಿಗೆ ಬಂದಿತ್ತು, ಮುಂದೆ ಏರುದಾರಿ. ಬೈಕನ್ನು ಬೇವಿನ ಮರದಡಿ ಬಿಟ್ಟು ನಾನೂ ಹಿಂದಿನಿಂದ ದಬ್ಬತೊಡಗಿದೆ. ಬಿಳಿ ಎತ್ತು ನನ್ನ ಪಕ್ಕದಿಂದಲೇ ಬಾಯಿ ತುಂಬ ಮೇವು ಎಳೆದುಕೊಂಡಿತು. ಗದರಿದೆ. ಮುಂದಿನಿಂದ ಆ ತಾಯಿ ಕೂಗಿದರು: “ತಿನ್ಲಿ ಬಿಡಪಾ, ಅಷ್ಟು ಭಾರ ಕಡಿಮಿ ಆಗತೈತಿ!”

ಅವರ ಮನೆ ಮುಟ್ಟಿ, ಮೇವನ್ನು ಅಂಗಳದ ತಗಡಿನ ಚಪ್ಪರದ ಕೆಳಗೆ ಒಟ್ಟುವ ಹೊತ್ತಿಗೆ ಮಳೆ ಸುರಿಯಿತು. ಆಕೆ ಮೊದಲು ಎತ್ತುಗಳ ಮುಂದೆ ನೀರಿಟ್ಟರು, ಆಮೇಲೆ ನನಗೆ ಚಹಾ ಕೊಟ್ಟರು.

ನಮ್ಮ ಮನೆಯಲ್ಲೂ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಅದೇ ನೆಪದಲ್ಲಿ ಅಪ್ಪನಿಗೂ ಆಳಿಗೂ ಒಂದು ದಿನ ಬೆನ್ನು ನೆಟ್ಟಗಾಗುತ್ತಿತ್ತು. ಈಗ ಟ್ರ್ಯಾಕ್ಟರ್ ಇದೆ, ಅದಕ್ಕೆ ಯಾವ ವಾರವೂ ಇಲ್ಲ. ಎತ್ತುಗಳ ಜೊತೆ ನಮ್ಮ ಸೋಮವಾರವನ್ನೂ ಸಂತೆಯಲ್ಲಿ ಮಾರಿ ಬಂದಿದ್ದೆವು ಎಂಬುದು ಆ ಏರುದಾರಿಯಲ್ಲಿ ತಿಳಿಯಿತು.