ಕಾಳು ಕಡಿದು ಹೇಳಿದ ಹದ

"ದೊಡ್ಡ ಕಂಪನಿ ಊರಿನ ಬೀಜದ ಗೋದಾಮನ್ನು ಕೊಂಡುಕೊಂಡ ಮೇಲೆಯೇ ಹಿರೇಕೆರೂರಿನವರು ಬೀಜ ಒಣಗಿಸಲು ಕಲಿತರು" ಎನ್ನುತ್ತಾರೆ. ಆ ಗೋದಾಮಿನಲ್ಲಿ ತೂಕ ಮಾಡುತ್ತಿದ್ದ ನಾನು ಇದನ್ನು ಒಪ್ಪಲಾರೆ.

ಕಂಪನಿಯ ಹೊಸ ಎಂಜಿನಿಯರು ತೇವ ಅಳೆಯುವ ಯಂತ್ರ ತಂದಾಗ, ಗೋವಿನಜೋಳವನ್ನು ಕಡಿದು ನೋಡಿಯೇ ಹದ ಹೇಳುತ್ತಿದ್ದ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು. ಒಂದು ರಾಶಿ ಒಣಗಿದೆಯೆಂದು ಯಂತ್ರ ತೋರಿಸಿತು. ಆಕೆ ಕಾಳು ಕಡಿದು, "ಹೊರಗ ಒಣಗೇತಿ, ಒಳಗ ಇನ್ನೂ ಹಸಿ ಐತ್ರಿ" ಎಂದಳು.

"ನಿನ್ನ ಹಲ್ಲಿಗೆ ಸರ್ಟಿಫಿಕೇಟ್ ಐತೇನವ್ವಾ?" ಎಂದು ಆತ ನಕ್ಕ.

"ನಿಮ್ಮ ಮಷೀನಿಗೆ ಹಲ್ಲರ ಅದಾವೇನ್ರಿ?"

ಕುತೂಹಲಕ್ಕೆ ಆ ರಾಶಿಯ ಒಂದು ಚೀಲವನ್ನು ಬೇರೆ ಇಟ್ಟೆವು. ವಾರದೊಳಗೆ ಬೂಷ್ಟು ಹಿಡಿಯಿತು. ಯಾವ ಹಲ್ಲಿನಿಂದ ಕಡಿಯಬೇಕೆಂದು ಎಂಜಿನಿಯರು ಆಕೆಯಿಂದಲೇ ಕಲಿತ. ಆಕೆಯ ಕೆಲಸವೂ ಉಳಿಯಿತು. ಬಳಿಕ ಕಂಪನಿಯ ಎಲ್ಲ ಗೋದಾಮುಗಳಿಗೆ ಆತ ಕಳಿಸಿದ ಸೂಚನೆಯ ಮೊದಲ ಸಾಲು, "ಅಳೆಯುವ ಮುನ್ನ ಕಾಳು ಕಡಿದು ನೋಡಿ." ಆ ಹಾಳೆ ಈಗಲೂ ನಮ್ಮ ಗೋದಾಮಿನ ಬಾಗಿಲಿನಲ್ಲಿದೆ; ಯಾರು ಬೇಕಾದರೂ ಓದಬಹುದು.